ಪ್ರೋಟೀನಿನ ಪಕ್ಕದಲ್ಲಿ ಯಾರಿದ್ದಾರೆ?

2020ರ ಮಾರ್ಚ್ ತಿಂಗಳು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಾಲಯಗಳಿಗೆ ಒಂದರ ಹಿಂದೊಂದು ಬೀಗ ಬೀಳುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನೆವನ್ ಕ್ರೋಗನ್ ಅವರ ತಂಡ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಕೊರೊನಾ ವೈರಸ್ಸಿನ 29 ಪ್ರೋಟೀನುಗಳಲ್ಲಿ 26ನ್ನು ಅವರು ಬೇರೆಬೇರೆಯಾಗಿ, ತಟ್ಟೆಗಳಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳೊಳಗೆ ತಯಾರಾಗುವಂತೆ ಮಾಡಿದರು. ಆಮೇಲೆ ಕೋಶಗಳನ್ನು ಒಡೆದು, ವೈರಸ್ಸಿನ ಪ್ರತಿ ಪ್ರೋಟೀನನ್ನೂ ಹಿಡಿದೆಳೆದು, ಅದಕ್ಕೆ ನಮ್ಮ ಯಾವ ಪ್ರೋಟೀನುಗಳು ಅಂಟಿಕೊಂಡು ಬಂದಿವೆ ಎಂದು ನೋಡಿದರು. ನಂಬಬಹುದಾದ 332 ಜೋಡಿಗಳು ಸಿಕ್ಕವು. ಅವುಗಳಲ್ಲಿ 66 ಮಾನವ ಪ್ರೋಟೀನುಗಳ ಮೇಲೆ ಕೆಲಸ ಮಾಡುವ 69 ರಾಸಾಯನಿಕಗಳು ಆಗಲೇ ಜಗತ್ತಿನಲ್ಲಿದ್ದವು. ಕೆಲವು ಔಷಧಿ ಅಂಗಡಿಯಲ್ಲೇ ಇದ್ದವು. ಏಪ್ರಿಲ್ ಕೊನೆಗೆ 'ನೇಚರ್' ಪತ್ರಿಕೆಯಲ್ಲಿ ಆ ನಕ್ಷೆ ಪ್ರಕಟವಾಯಿತು.

ಪತ್ರಿಕೆಗಳು ಬರೆದದ್ದು 332ರ ಬಗ್ಗೆ, 69ರ ಬಗ್ಗೆ. ನನಗೆ ಹೆಚ್ಚು ಮುಖ್ಯವೆನಿಸುವುದು ಆ ಪ್ರಯೋಗದ ಇನ್ನೊಂದು ಭಾಗ. ವೈರಸ್ಸಿನ ಯಾವ ಪ್ರೋಟೀನನ್ನೂ ಹಾಕದ ಕೋಶಗಳನ್ನು, ಮತ್ತೆ ಜೆಲ್ಲಿ ಮೀನಿನಿಂದ ಬಂದ ನಿರುಪದ್ರವಿ ಹಸಿರು ಪ್ರೋಟೀನನ್ನಷ್ಟೇ ಹಾಕಿದ ಕೋಶಗಳನ್ನು ಕೂಡ ಅವರು ಅದೇ ರೀತಿ ಬೆಳೆಸಿ, ಒಡೆದು, ತೊಳೆದು, ಅದೇ ಯಂತ್ರಕ್ಕೆ ಕೊಟ್ಟಿದ್ದರು. ಅಲ್ಲಿಯೂ ಕಾಣಿಸಿಕೊಂಡ ಪ್ರೋಟೀನುಗಳಿಗೆ ಅಂಕ ಕಡಿಮೆಯಾಯಿತು. ಪಟ್ಟಿಯಲ್ಲಿ ಉಳಿದ ಹೆಸರುಗಳಿಗಿಂತ ಪಟ್ಟಿಯಿಂದ ಹೊರಬಿದ್ದ ಹೆಸರುಗಳು ಎಷ್ಟೋ ಪಾಲು ಹೆಚ್ಚು. ಜೀವಕೋಶದೊಳಗಿನ ಪ್ರೋಟೀನುಗಳ ಒಡನಾಟವನ್ನು ಗುರುತಿಸುವ ವಿಧಾನಗಳು ಕಳೆದ ಮೂವತ್ತೈದು ವರ್ಷಗಳಲ್ಲಿ ಸುಧಾರಿಸಿದ್ದು ಹೇಗೆ ಎಂದು ಕೇಳಿದರೆ, ಹೊಸ ಕಿಣ್ವ, ಹೊಸ ಯಂತ್ರ ಎಂಬ ಉತ್ತರ ಬರುತ್ತದೆ. ಅದು ನಿಜವೇ. ಆದರೆ ಕೈಗೆ ಬಂದದ್ದರಲ್ಲಿ ಯಾವುದನ್ನು ನಂಬಬಾರದು ಎಂದು ತಿಳಿಯುವ ಶಿಸ್ತು ಬೆಳೆದದ್ದು ಅದಕ್ಕಿಂತ ದೊಡ್ಡ ಸುಧಾರಣೆ ಎಂದು ನಾನು ತಿಳಿದಿದ್ದೇನೆ.

ಕಣ್ಣಿಗೆ ಕಾಣದ ಒಡನಾಟ

ಮನುಷ್ಯನ ದೇಹದಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳು ಸುಮಾರು 20 ಸಾವಿರ. ಅವುಗಳಿಂದ ಹುಟ್ಟುವ ಪ್ರೋಟೀನುಗಳಲ್ಲಿ ಒಂಟಿಯಾಗಿ ಕೆಲಸ ಮಾಡುವವು ವಿರಳ. ರಕ್ತದ ಹಿಮೋಗ್ಲೋಬಿನ್ನೇ ನಾಲ್ಕು ಸರಪಳಿಗಳ ಕೂಟ. ಬಿಸಿಎಲ್-2 ಎಂಬ ಪ್ರೋಟೀನ್ ಕೋಶವನ್ನು ಸಾಯಿಸಬಲ್ಲ ಇತರ ಪ್ರೋಟೀನುಗಳನ್ನು ಹಿಡಿದಿಟ್ಟುಕೊಂಡು, ಸಾಯಬೇಕಾದ ಕ್ಯಾನ್ಸರ್ ಕೋಶವನ್ನು ಬದುಕಿಸುತ್ತದೆ. ಆ ಹಿಡಿತವನ್ನು ಬಿಡಿಸುವ ವೆನೆಟೊಕ್ಲಾಕ್ಸ್ ಎಂಬ ಗುಳಿಗೆಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಅದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಒಂದು. ಯಾವ ಪ್ರೋಟೀನ್ ಯಾವುದನ್ನು ಹಿಡಿಯುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಅಂಥ ಗುಳಿಗೆಯನ್ನು ಯೋಚಿಸಲಿಕ್ಕೂ ಆಗುತ್ತಿರಲಿಲ್ಲ.

ಹೆಚ್ಚಿನ ಪ್ರೋಟೀನುಗಳ ಅಗಲ ಕೆಲವೇ ನ್ಯಾನೋಮೀಟರ್. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಎರಡು ಪ್ರೋಟೀನುಗಳಿಗೆ ಎರಡು ಬಣ್ಣ ಕೊಟ್ಟು ನೋಡಿ, ಅವು ಒಂದೇ ಕಡೆ ಹೊಳೆಯುತ್ತಿವೆ ಎಂದರೆ ಒಂದೇ ಪ್ರದೇಶದಲ್ಲಿವೆ ಎಂದಷ್ಟೇ ಅರ್ಥ. ಒಂದನ್ನೊಂದು ಮುಟ್ಟುತ್ತಿವೆ ಎಂದಲ್ಲ. ಹಾಗಾಗಿ ಮುಟ್ಟುವಿಕೆಯನ್ನು ನೇರವಾಗಿ ನೋಡದೆ, ಅದರ ಪರಿಣಾಮದಿಂದ ಊಹಿಸುವ ಉಪಾಯಗಳನ್ನು ವಿಜ್ಞಾನಿಗಳು ಕಂಡುಕೊಳ್ಳಬೇಕಾಯಿತು.

1989ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ ಅಂಥ ಉಪಾಯವೊಂದನ್ನು ಕೊಟ್ಟರು. ಯೀಸ್ಟಿನಲ್ಲಿ ಜೀನನ್ನು ಚಾಲೂ ಮಾಡುವ ಗಾಲ್-4 ಎಂಬ ಪ್ರೋಟೀನಿಗೆ ಎರಡು ತುಂಡುಗಳಿವೆ. ಒಂದು ಡಿಎನ್‌ಎಯನ್ನು ಹಿಡಿಯುತ್ತದೆ, ಇನ್ನೊಂದು ಜೀನನ್ನು ಎಬ್ಬಿಸುತ್ತದೆ. ಇವೆರಡನ್ನೂ ಬೇರೆ ಮಾಡಿ, ಪರೀಕ್ಷಿಸಬೇಕಾದ ಎರಡು ಪ್ರೋಟೀನುಗಳಿಗೆ ಒಂದೊಂದನ್ನು ಹೊಲಿದರೆ, ಆ ಪ್ರೋಟೀನುಗಳು ಕೂಡಿದಾಗ ಮಾತ್ರ ತುಂಡುಗಳೂ ಹತ್ತಿರ ಬಂದು ಜೀನು ಏಳುತ್ತದೆ. ಯೀಸ್ಟ್ ಬೆಳೆದರೆ ಜೋಡಿ ಸಿಕ್ಕಿತು ಎಂದರ್ಥ. ಅಗ್ಗದ, ಚೊಕ್ಕ ವಿಧಾನ. 2020ರಲ್ಲಿ ಪ್ರಕಟವಾದ ಸುಮಾರು 53 ಸಾವಿರ ಮಾನವ ಜೋಡಿಗಳ ನಕ್ಷೆಯೂ ಇದೇ ತತ್ವದ ಮೇಲೆ ನಿಂತಿದೆ.

ಆದರೆ ಮೊದಲ ದೊಡ್ಡ ನಕ್ಷೆಗಳು ಬಂದಾಗ ಒಂದು ಕಸಿವಿಸಿ ಹುಟ್ಟಿತು. 2000ನೇ ಇಸವಿಯಲ್ಲಿ ಒಂದು ತಂಡ ಯೀಸ್ಟಿನ ಸ್ವಂತ ಪ್ರೋಟೀನುಗಳ ನಡುವೆ 957 ಜೋಡಿಗಳನ್ನು ಹೇಳಿತು. ಮರುವರ್ಷ ಜಪಾನಿನ ತಂಡ 4,549 ಜೋಡಿಗಳನ್ನು ಹೇಳಿತು. ಜೀವಿ ಅದೇ, ತತ್ವ ಅದೇ. ಎರಡೂ ಪಟ್ಟಿಗಳಲ್ಲಿ ಒಟ್ಟಿಗೆ ಇದ್ದ ಜೋಡಿಗಳು ಮಾತ್ರ ತೀರಾ ಕಡಿಮೆ. ಜಪಾನಿನ ತಂಡವೇ ತನ್ನ 4,549ರಲ್ಲಿ ಮತ್ತೆ ಮತ್ತೆ ಕಂಡ 841ನ್ನು ಬೇರೆಯಾಗಿಟ್ಟು, ಇವು ಹೆಚ್ಚು ನಂಬತಕ್ಕವು ಎಂದಿತ್ತು. ಆ ಪ್ರಾಮಾಣಿಕತೆಯನ್ನು ಆಗ ಎಷ್ಟು ಜನ ಗಮನಿಸಿದರೋ ಗೊತ್ತಿಲ್ಲ. ಇಂದು ಹಿಂತಿರುಗಿ ನೋಡಿದಾಗ ಆ ಪ್ರಬಂಧದ ಅತ್ಯಂತ ಬೆಲೆಬಾಳುವ ಸಂಖ್ಯೆ 841 ಎನಿಸುತ್ತದೆ.

ಒಡೆದಾಗ ಬೆರೆಯುವವರು

ಯೀಸ್ಟಿನ ಕೋಶಕೇಂದ್ರದಲ್ಲಿ ಮನುಷ್ಯನ ಪ್ರೋಟೀನುಗಳನ್ನು ಕೂಡಿಸಿ ನೋಡುವುದಕ್ಕಿಂತ ಮನುಷ್ಯನ ಕೋಶದಲ್ಲೇ ನೋಡುವುದು ಲೇಸಲ್ಲವೇ? ಪ್ರಯೋಗಾಲಯಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಹೆಕ್-293 ಎಂಬ ಕೋಶಗಳನ್ನು. 1973ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡಿನೊವೈರಸ್ಸಿನ ಡಿಎನ್‌ಎ ಸೇರಿಸಿ ಪಡೆದ ಸಂತತಿ ಅದು. 293 ಎಂಬುದು ಅವರ ಪ್ರಯೋಗದ ಕ್ರಮಸಂಖ್ಯೆ. ಈ ಕೋಶಗಳು ಬೇಗ ಬೆಳೆಯುತ್ತವೆ, ಹೊರಗಿನ ಡಿಎನ್‌ಎಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತವೆ, ಕೊಟ್ಟ ಪ್ರೋಟೀನನ್ನು ಧಾರಾಳವಾಗಿ ತಯಾರಿಸುತ್ತವೆ. ಕ್ರೋಗನ್ ತಂಡ ಬಳಸಿದ್ದೂ ಇವುಗಳದೇ ಒಂದು ತಳಿಯನ್ನು.

ವಿಧಾನ ಹೇಳಲಿಕ್ಕೆ ಸುಲಭ. ನಮಗೆ ಬೇಕಾದ ಪ್ರೋಟೀನಿಗೆ, ಅಂದರೆ ಎರೆ ಪ್ರೋಟೀನಿಗೆ, ಹಿಡಿಯಲು ಅನುಕೂಲವಾದ ಒಂದು ಸಣ್ಣ ಬಾಲ ಸೇರಿಸುತ್ತಾರೆ. ಕೋಶಗಳನ್ನು ಡಿಟರ್ಜೆಂಟ್ ಇರುವ ತಣ್ಣನೆಯ ದ್ರಾವಣದಲ್ಲಿ ಒಡೆಯುತ್ತಾರೆ. ಆ ಬಾಲವನ್ನು ಹಿಡಿಯುವ ಸಣ್ಣ ಮಣಿಗಳನ್ನು ಹಾಕಿ ಎರೆಯನ್ನೂ ಅದಕ್ಕೆ ಅಂಟಿದವನ್ನೂ ಎಳೆದು, ತೊಳೆದು, ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ತುಂಡುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ. ತೂಕದಿಂದ ತುಂಡು ಯಾವುದು, ತುಂಡಿನಿಂದ ಪ್ರೋಟೀನ್ ಯಾವುದು ಎಂದು ಕಂಪ್ಯೂಟರ್ ಹೇಳುತ್ತದೆ. 1999ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಬರ್ಟ್ರಾಂಡ್ ಸೆರಾಫಿನ್ ಮತ್ತು ಸಂಗಡಿಗರು ಜೋಡಿ ಬಾಲ ಸೇರಿಸಿ ಎರಡು ಸಲ ಶುದ್ಧಿ ಮಾಡುವ ಕ್ರಮವನ್ನು ತಂದದ್ದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ.

ಕಷ್ಟವೆಲ್ಲ ಇರುವುದು ಆ 'ಒಡೆಯುವ' ಕ್ಷಣದಲ್ಲಿ. ಬದುಕಿದ್ದಾಗ ಕೋಶದಲ್ಲಿ ಪೊರೆಗಳಿವೆ, ಕೋಣೆಗಳಿವೆ. ಮೈಟೊಕಾಂಡ್ರಿಯದೊಳಗಿನ ಪ್ರೋಟೀನಿಗೆ ಕೋಶಕೇಂದ್ರದ ಪ್ರೋಟೀನನ್ನು ಭೇಟಿಯಾಗುವ ಅವಕಾಶವೇ ಇಲ್ಲ. ಒಡೆದೊಡನೆ ಎಲ್ಲವೂ ಒಂದೇ ನಳಿಕೆಯಲ್ಲಿ ಬೆರೆಯುತ್ತವೆ. ಜೀವಮಾನದಲ್ಲಿ ಎಂದೂ ಸೇರದ ಪ್ರೋಟೀನುಗಳು ಅಲ್ಲಿ ಅಂಟಿಕೊಳ್ಳುತ್ತವೆ. ಡಿಟರ್ಜೆಂಟ್ ಮೆದುವಾದರೆ ಪೊರೆಯಲ್ಲಿ ಹುದುಗಿದ ಪ್ರೋಟೀನುಗಳು ಕರಗಿ ಬರುವುದಿಲ್ಲ. ತೀಕ್ಷ್ಣವಾದರೆ ನಿಜವಾದ ಜೋಡಿಗಳೇ ಬಿಟ್ಟುಹೋಗುತ್ತವೆ. ಕ್ಷಣಕಾಲ ಮುಟ್ಟಿ ದೂರ ಸರಿಯುವ ಜೋಡಿಗಳಂತೂ ಕೈಗೆ ಸಿಗುವುದೇ ಇಲ್ಲ. ಜೀವಕೋಶದ ಸಂದೇಶ ರವಾನೆ ಬಹುಮಟ್ಟಿಗೆ ನಡೆಯುವುದು ಇಂಥ ಚುಟುಕು ಭೇಟಿಗಳಲ್ಲಿ ಎಂಬುದನ್ನು ಮರೆಯಬಾರದು.

ಜೊತೆಗೆ ಯಾವ ಎರೆ ಹಾಕಿದರೂ ಮತ್ತೆ ಮತ್ತೆ ಬರುವ ಪ್ರೋಟೀನುಗಳಿವೆ. ಮಡಿಕೆ ತಪ್ಪಿದ ಪ್ರೋಟೀನಿಗೆ ಅಂಟುವುದನ್ನೇ ಕೆಲಸ ಮಾಡಿಕೊಂಡ ಎಚ್‌ಎಸ್‌ಪಿ-70, ಕೋಶದಲ್ಲಿ ರಾಶಿ ರಾಶಿಯಾಗಿರುವ ಆಕ್ಟಿನ್, ಟ್ಯೂಬ್ಯುಲಿನ್, ರೈಬೋಸೋಮಿನ ಪ್ರೋಟೀನುಗಳು. ಕೆರಾಟಿನ್ ಬಹುಪಾಲು ಪ್ರಯೋಗ ಮಾಡುವವರ ಚರ್ಮದಿಂದ, ಕೂದಲಿನಿಂದ ಉದುರಿ ಬಂದದ್ದು. 2013ರಲ್ಲಿ ಹಲವು ಪ್ರಯೋಗಾಲಯಗಳು ಕೂಡಿ ತಮ್ಮ ತಮ್ಮ ಖಾಲಿ ಪ್ರಯೋಗಗಳಲ್ಲಿ ಬಂದ ಇಂಥ ಹೆಸರುಗಳನ್ನೆಲ್ಲ ಒಂದೆಡೆ ಸೇರಿಸಿ 'ಕ್ರೇಪೋಮ್' ಎಂಬ ಭಂಡಾರ ತೆರೆದವು. ಯಾರು ಬೇಕಾದರೂ ತಮ್ಮ ಪಟ್ಟಿಯನ್ನು ಅದರ ಎದುರು ಇಟ್ಟು ನೋಡಬಹುದು. ಯಾರಿಗೂ ಬೇಡವಾದ, ಯಾವ ಪ್ರಬಂಧದಲ್ಲೂ ಅಚ್ಚಾಗದ ಫಲಿತಾಂಶಗಳನ್ನು ಕೂಡಿಹಾಕಿ ಎಲ್ಲರ ಆಸ್ತಿ ಮಾಡಿದ ಆ ಕೆಲಸವನ್ನು ಈ ಕ್ಷೇತ್ರದ ಅತ್ಯಂತ ಉದಾರವಾದ ಕೆಲಸಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಇಷ್ಟೆಲ್ಲ ಎಚ್ಚರ ಕಲಿತ ಮೇಲೆ ಹಳೆಯ ವಿಧಾನವೂ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹಾರ್ವರ್ಡ್‌ನ ಬಯೋಪ್ಲೆಕ್ಸ್ ಸಾಕ್ಷಿ. ಎಡ್ವರ್ಡ್ ಹಟ್ಲಿನ್, ವೇಡ್ ಹಾರ್ಪರ್, ಸ್ಟೀವನ್ ಗಿಗಿ ಅವರ ತಂಡ 2021ರ ಹೊತ್ತಿಗೆ 10,128 ಎರೆಗಳನ್ನು ಹೆಕ್ ಕೋಶಗಳಲ್ಲಿ ಒಂದೊಂದಾಗಿ ಎಳೆದು, 14,586 ಪ್ರೋಟೀನುಗಳ ನಡುವೆ 1,18,162 ಜೋಡಿಗಳನ್ನು ದಾಖಲಿಸಿತು.

ಬದುಕಿರುವಾಗಲೇ ಗುರುತು ಹಾಕುವುದು

ಒಡೆದ ಮೇಲೆ ಹುಡುಕುವುದಕ್ಕಿಂತ ಕೋಶ ಬದುಕಿರುವಾಗಲೇ ಗುರುತು ಹಾಕಿ, ಆಮೇಲೆ ನಿಶ್ಚಿಂತೆಯಿಂದ ಒಡೆದರೆ? ಈ ಯೋಚನೆ ಕೈಗೂಡಿದ್ದು 2012ರಲ್ಲಿ. ಕೈಲ್ ರೂ, ಬ್ರಯಾನ್ ಬರ್ಕ್ ಮತ್ತು ಸಂಗಡಿಗರು ಅದನ್ನು 'ಬಯೋ-ಐಡಿ' ಎಂದು ಕರೆದರು.

ಇ-ಕೊಲೈ ಬ್ಯಾಕ್ಟೀರಿಯಾದಲ್ಲಿ 'ಬರ್-ಎ' ಎಂಬ ಕಿಣ್ವವಿದೆ. ಬಯೋಟಿನ್, ಅಂದರೆ ವಿಟಮಿನ್ ಬಿ-7, ಅದನ್ನು ಚುರುಕುಗೊಳಿಸಿ ತನಗೆ ಗೊತ್ತಿರುವ ಒಂದೇ ಪ್ರೋಟೀನಿಗೆ ಅಂಟಿಸುವುದು ಅದರ ಕಸುಬು. ಅದರ 118ನೇ ಅಮೈನೋ ಆಮ್ಲವನ್ನು ಬದಲಿಸಿದರೆ ಕಿಣ್ವದ ಹಿಡಿತ ಸಡಿಲವಾಗುತ್ತದೆ. ಚುರುಕಾದ ಬಯೋಟಿನ್ ಕೈಜಾರಿ ಹೊರಬಂದು, ಹತ್ತಿರ ಯಾವ ಪ್ರೋಟೀನ್ ಇದ್ದರೂ ಅದರ ಲೈಸೀನಿಗೆ ಅಂಟುತ್ತದೆ. ಈ ಸಡಿಲ ಕಿಣ್ವವನ್ನು ಎರೆ ಪ್ರೋಟೀನಿಗೆ ಹೊಲಿದು ಕೋಶದೊಳಗೆ ಬಿಟ್ಟರೆ, ಎರೆಯ ಸುತ್ತಮುತ್ತ ಸುಳಿದವರ ಮೈಮೇಲೆಲ್ಲ ಬಯೋಟಿನ್ ಗುರುತು. ಓಕುಳಿಯಲ್ಲಿ ಬಣ್ಣದ ಬಿಂದಿಗೆ ಹಿಡಿದು ನಿಂತವನ ಹತ್ತಿರ ಹಾದವರೆಲ್ಲ ಬಣ್ಣ ಹೊತ್ತು ಮನೆಗೆ ಹೋಗುತ್ತಾರೆ. ಸಂಜೆ ಅಂಗಿ ನೋಡಿ ಯಾರು ಯಾರು ಆ ಬೀದಿಗೆ ಬಂದಿದ್ದರು ಎಂದು ಹೇಳಬಹುದು. ಅವನ ಜೊತೆ ಮಾತಾಡಿದವರು ಯಾರು, ಸುಮ್ಮನೆ ಹಾದುಹೋದವರು ಯಾರು ಎಂಬುದನ್ನು ಅಂಗಿ ಹೇಳುವುದಿಲ್ಲ. ಈ ವಿಧಾನದ ಬಲವೂ ಮಿತಿಯೂ ಇಷ್ಟೇ. ಅದು ತೋರಿಸುವುದು ಹತ್ತಿರವಿದ್ದವರನ್ನು. ಕೋಶಕೇಂದ್ರದ ಪೊರೆಯಲ್ಲಿರುವ ರಂಧ್ರದ ಪ್ರೋಟೀನುಗಳ ಅಂತರ ಚೆನ್ನಾಗಿ ಗೊತ್ತಿದ್ದುದರಿಂದ ಅವುಗಳನ್ನೇ ಅಳತೆಗೋಲು ಮಾಡಿಕೊಂಡು, ಗುರುತು ಹಾಕುವ ವ್ಯಾಪ್ತಿ ಸುಮಾರು 10 ನ್ಯಾನೋಮೀಟರ್ ಎಂದು 2014ರಲ್ಲಿ ಲೆಕ್ಕಹಾಕಿದರು.

ಬಯೋಟಿನ್ನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಂದ ಸ್ಟ್ರೆಪ್ಟಾವಿಡಿನ್ ಅದನ್ನು ಹಿಡಿಯುವ ಬಿಗಿ ಜೀವಜಗತ್ತಿನಲ್ಲಿ ಕಂಡಿರುವ ಅತಿ ಗಟ್ಟಿ ಹಿಡಿತಗಳಲ್ಲಿ ಒಂದು. ಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಕೂಡ ಹಾಗೆಯೇ ಹಿಡಿಯುತ್ತದೆ. ಹಸಿ ಮೊಟ್ಟೆಯ ಬಿಳಿಯನ್ನೇ ಬಹುಕಾಲ ತಿಂದವರಿಗೆ ಬಯೋಟಿನ್ ಕೊರತೆಯಾಗುವುದು ಇದರಿಂದಲೇ. ಹಿಡಿತ ಅಷ್ಟು ಗಟ್ಟಿಯಾಗಿರುವಾಗ ಕೋಶವನ್ನು ತೀಕ್ಷ್ಣ ಡಿಟರ್ಜೆಂಟಿನಲ್ಲಿ ಒಡೆದು, ಎಷ್ಟು ಕಠಿಣವಾಗಿ ಬೇಕಾದರೂ ತೊಳೆಯಬಹುದು. ಜೋಡಿ ಉಳಿಯಬೇಕೆಂಬ ಚಿಂತೆಯಿಲ್ಲ, ಏಕೆಂದರೆ ಗುರುತು ಆಗಲೇ ಬಿದ್ದಿದೆ. ಮೊದಲ ಪ್ರಯೋಗಕ್ಕೆ ರೂ ಮತ್ತು ಬರ್ಕ್ ಲ್ಯಾಮಿನ್-ಎ ಎಂಬ ಪ್ರೋಟೀನನ್ನು ಆರಿಸಿದ್ದೂ ಇದೇ ಲೆಕ್ಕದಿಂದ. ಕೋಶಕೇಂದ್ರದ ಒಳಗೋಡೆಗೆ ಆಧಾರವಾದ ಲ್ಯಾಮಿನ್ ಮೆದುವಾದ ದ್ರಾವಣದಲ್ಲಿ ಕರಗದು, ಹಳೆಯ ವಿಧಾನಕ್ಕೆ ಬಗ್ಗದು.

ಬಯೋ-ಐಡಿಯ ದೋಷ ಅದರ ನಿಧಾನ. ಸಾಕಷ್ಟು ಗುರುತು ಬೀಳಲು 18ರಿಂದ 24 ಗಂಟೆ ಬೇಕು. ಅಷ್ಟರಲ್ಲಿ ಕೋಶವೇ ಒಂದು ಸಲ ಇಬ್ಭಾಗವಾಗಿರುತ್ತದೆ. ಹಾರ್ಮೋನ್ ಮುಟ್ಟಿದ ಹತ್ತು ನಿಮಿಷದಲ್ಲಿ ಏನಾಯಿತು ಎಂದು ಕೇಳುವವರಿಗೆ ಇದು ಉತ್ತರ ಕೊಡಲಾರದು. ಆಲಿಸ್ ಟಿಂಗ್ ಎಂಬ ವಿಜ್ಞಾನಿಯ ಪ್ರಯೋಗಾಲಯ ಈ ಕೊರತೆಯನ್ನು ಎರಡು ದಿಕ್ಕಿನಿಂದ ತುಂಬಿತು. ಮೊದಲನೆಯದು ಗಿಡದ ಪೆರಾಕ್ಸಿಡೇಸ್ ಕಿಣ್ವದಿಂದ ಮಾಡಿದ 'ಅಪೆಕ್ಸ್'. ಬಯೋಟಿನ್-ಫೀನಾಲ್ ಕುಡಿಸಿದ ಕೋಶಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಒಂದೇ ನಿಮಿಷದಲ್ಲಿ ಗುರುತು ಬೀಳುತ್ತದೆ. 2013ರಲ್ಲಿ ಇದರಿಂದ ಮೈಟೊಕಾಂಡ್ರಿಯದ ಒಳಗರ್ಭದ 495 ಪ್ರೋಟೀನುಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ 31ಕ್ಕೆ ಮೈಟೊಕಾಂಡ್ರಿಯದ ನಂಟು ಇದೆಯೆಂದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ. ಸೋಯಾ ಗಿಡದ ಕಿಣ್ವದಿಂದ ಬಂದ ಅದರ ಸುಧಾರಿತ ರೂಪ 2015ರದು. ಆದರೆ ಪೆರಾಕ್ಸೈಡ್ ಕೋಶಕ್ಕೆ ವಿಷ. ಒಂದು ನಿಮಿಷವೇ ಆದರೂ ಅದು ಕೋಶವನ್ನು ಗಾಬರಿಗೊಳಿಸುತ್ತದೆ.

ಎರಡನೆಯದು 2018ರ 'ಟರ್ಬೊ-ಐಡಿ'. ಬರ್-ಎ ಕಿಣ್ವದ ಅಸಂಖ್ಯ ರೂಪಾಂತರಗಳನ್ನು ಯೀಸ್ಟಿನ ಮೈಮೇಲೆ ಹುಟ್ಟಿಸಿ, ಹೆಚ್ಚು ಚುರುಕಾದವನ್ನು ಸುತ್ತು ಸುತ್ತಾಗಿ ಆರಿಸುತ್ತ ಹೋಗಿ ಪಡೆದ ಕಿಣ್ವ. ಪ್ರಯೋಗಾಲಯದಲ್ಲೇ ನಡೆಸುವ ಇಂಥ ವಿಕಾಸಕ್ಕೆ ದಾರಿ ಹಾಕಿದ ಫ್ರಾನ್ಸಿಸ್ ಆರ್ನಲ್ಡ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಂದದ್ದೂ ಅದೇ ವರ್ಷ. ಟರ್ಬೊ-ಐಡಿಗೆ ಹತ್ತು ನಿಮಿಷ ಸಾಕು, ವಿಷದ ಹಂಗಿಲ್ಲ. ತಂಪಾದ ತಾಪದಲ್ಲಿ ಬದುಕುವ ನೊಣ, ಹುಳುಗಳಲ್ಲೂ ಅದು ಕೆಲಸ ಮಾಡಿತು.

ಚುರುಕಿನ ಬೆಲೆ

ಟರ್ಬೊ-ಐಡಿ ಬಂದದ್ದೇ ತಡ, ಜಗತ್ತಿನ ಪ್ರಯೋಗಾಲಯಗಳು ಅದರತ್ತ ಧಾವಿಸಿದವು. ನಾನು ನಿಧಾನವಾಗಿ ಹೇಳಬೇಕೆಂದಿರುವುದು ಇಲ್ಲಿಂದ ಮುಂದಿನ ಮಾತನ್ನೇ. ಕಿಣ್ವ ಚುರುಕಾದಷ್ಟೂ ಅದು ಹಾಕುವ ಬೇಡದ ಗುರುತುಗಳೂ ಹೆಚ್ಚು. ಆ ಗದ್ದಲವನ್ನು ಇಳಿಸುವ ಕೆಲಸ ಯಾವ ಕಂಪನಿಯ ಕಿಟ್‌ನಲ್ಲೂ ಸಿದ್ಧವಾಗಿ ಬರುವುದಿಲ್ಲ. ಅದನ್ನು ಪ್ರತಿ ಪ್ರಯೋಗಾಲಯವೂ ತನ್ನ ಕೈಯಾರೆ ಮಾಡಬೇಕು.

ಕೋಶಗಳಿಗೆ ಉಣಿಸುವ ದ್ರವವನ್ನೇ ನೋಡಿ. ಹೆಕ್ ಕೋಶಗಳಿಗೆ ಸಾಮಾನ್ಯವಾಗಿ ಕೊಡುವ ಡಿಎಂಇಎಂ ದ್ರವದಲ್ಲಿ ಬಯೋಟಿನ್ ಇಲ್ಲ. ರಕ್ತದ ಕೋಶಗಳಿಗೆ ಕೊಡುವ ಆರ್‌ಪಿಎಂಐ ದ್ರವದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಇದೆ. ಎರಡಕ್ಕೂ ಬೆರೆಸುವ ಕರುವಿನ ಸೀರಮ್‌ನಲ್ಲಿಯೂ ಒಂದಿಷ್ಟು ಇರುತ್ತದೆ. ನಿಧಾನದ ಹಳೆಯ ಕಿಣ್ವಕ್ಕೆ ಆ ಅಲ್ಪ ಬಯೋಟಿನ್ ಲೆಕ್ಕಕ್ಕಿಲ್ಲ. ಟರ್ಬೊ-ಐಡಿಗೆ ಅದೇ ಸಾಕು. ನಾವು ಬಯೋಟಿನ್ ಹಾಕಿ ಗಡಿಯಾರ ನೋಡಲು ಶುರುಮಾಡುವ ಎಷ್ಟೋ ಮೊದಲೇ ಅದು ಗುರುತು ಹಾಕುತ್ತ ಕುಳಿತಿರುತ್ತದೆ. ಹತ್ತು ನಿಮಿಷದ ಚಿತ್ರ ಎಂದು ನಾವು ಬರೆದುಕೊಂಡದ್ದು ನಿಜದಲ್ಲಿ ಎರಡು ದಿನದ ಚಿತ್ರವಾಗಿರಬಹುದು. ಇದಕ್ಕೆ ಪರಿಹಾರಗಳಿವೆ. ಬಯೋಟಿನ್ ತೆಗೆದ ಸೀರಮ್ ಬಳಸಬಹುದು. ಹೊರಗಿನ ಬಯೋಟಿನ್ ಸಿಗುವವರೆಗೆ ಕಡಿಮೆ ಕೆಲಸ ಮಾಡುವ 'ಮಿನಿ-ಟರ್ಬೊ' ಎಂಬ ಚಿಕ್ಕ ರೂಪವನ್ನು ಆರಿಸಬಹುದು. ಎರೆಯ ತಯಾರಿಯನ್ನು ಡಾಕ್ಸಿಸೈಕ್ಲಿನ್ ಎಂಬ ಔಷಧ ಹಾಕಿದಾಗ ಮಾತ್ರ ಶುರುವಾಗುವಂತೆ ಕಟ್ಟಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಬಯೋಟಿನ್ ಹಾಕದ ಒಂದು ತಟ್ಟೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಸಮಯ ಮುಗಿದೊಡನೆ ತಟ್ಟೆಯನ್ನು ಮಂಜುಗಡ್ಡೆಯ ಮೇಲಿಟ್ಟರೆ ಕಿಣ್ವ ಮಂದವಾಗುತ್ತದೆ. ಉಳಿದ ಬಯೋಟಿನ್ನನ್ನು ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಇಲ್ಲದಿದ್ದರೆ ಅದೇ ಹೋಗಿ ಮಣಿಗಳ ಮೇಲಿನ ಜಾಗವನ್ನೆಲ್ಲ ಹಿಡಿದು, ಗುರುತು ಬಿದ್ದ ಪ್ರೋಟೀನಿಗೆ ಜಾಗ ಇಲ್ಲದಂತೆ ಮಾಡುತ್ತದೆ. ಇನ್ನು, ಮನುಷ್ಯನ ಕೋಶದಲ್ಲಿ ಹುಟ್ಟಿನಿಂದಲೇ ಬಯೋಟಿನ್ ಹೊತ್ತ ಐದು ಕಾರ್ಬಾಕ್ಸಿಲೇಸ್ ಕಿಣ್ವಗಳಿವೆ. ಅವುಗಳಲ್ಲಿ ಹೆಚ್ಚಿನವು ಮೈಟೊಕಾಂಡ್ರಿಯದ ಒಳಗೆ. ಯಾವ ಎರೆ ಹಾಕಿದರೂ, ಹಾಕದಿದ್ದರೂ ಅವು ಪಟ್ಟಿಯ ತಲೆಯಲ್ಲೇ ಬಂದು ಕೂರುತ್ತವೆ. ಖಾಲಿ ಪ್ರಯೋಗ ಮಾಡದವರು ತಮ್ಮ ಎರೆಗೂ ಮೈಟೊಕಾಂಡ್ರಿಯಕ್ಕೂ ಸಂಬಂಧವಿದೆ ಎಂದು ಹಿಗ್ಗಿಬಿಡುವುದು ಸುಲಭ.

ಪ್ರಯೋಗಾಲಯದಲ್ಲಿ ಎಲ್ಲರೂ ಕಂಟ್ರೋಲ್ ಎನ್ನುವ ಈ ಖಾಲಿ ಪ್ರಯೋಗ ಒಂದೇ ಬಗೆಯದಲ್ಲ. ಕಿಣ್ವವೇ ಇಲ್ಲದ ಕೋಶಗಳು ಒಂದು ಕಂಟ್ರೋಲ್: ಮಣಿಗೆ ತಾನಾಗಿ ಅಂಟುವವರು ಯಾರೆಂದು ಅದು ಹೇಳುತ್ತದೆ. ಎರೆಯಿಲ್ಲದೆ ಕಿಣ್ವ ಮಾತ್ರ ಇರುವ ಕೋಶಗಳು ಇನ್ನೊಂದು: ಗುರುತು ಹಾಕಿಸಿಕೊಳ್ಳಲು ಸುಲಭವಾದವರು ಯಾರೆಂದು ಹೇಳುತ್ತದೆ. ಎರೆ ಕೋಶಕೇಂದ್ರದಲ್ಲಿ ಇರುವಂಥದ್ದಾಗಿದ್ದರೆ ಕಂಟ್ರೋಲ್ ಕಿಣ್ವವೂ ಕೋಶಕೇಂದ್ರಕ್ಕೇ ಹೋಗುವಂತಿರಬೇಕು. ಇಲ್ಲವಾದರೆ ಕೋಶಕೇಂದ್ರದ ನಿವಾಸಿಗಳೆಲ್ಲ ಎರೆಯ ಸಂಗಾತಿಗಳಂತೆ ತೋರುತ್ತಾರೆ. ಕಂಟ್ರೋಲ್ ಕಿಣ್ವದ ಪ್ರಮಾಣ ಎರೆಯ ಪ್ರಮಾಣಕ್ಕೆ ಸಮವಿರಬೇಕು. ಅತಿ ಹೆಚ್ಚಿದ್ದರೆ ನಿಜವಾದ ಜೋಡಿಗಳನ್ನೂ ಅಳಿಸಿಹಾಕುತ್ತದೆ, ಕಡಿಮೆಯಿದ್ದರೆ ಸುಳ್ಳು ಜೋಡಿಗಳನ್ನು ಒಳಗೆ ಬಿಡುತ್ತದೆ. ಪ್ರತಿಯೊಂದನ್ನೂ ಕಡಿಮೆಯೆಂದರೆ ಮೂರು ಸಲ ಮಾಡಬೇಕು. ಮೂರು ಸಲ ಎಂದರೆ ಬೇರೆಬೇರೆ ದಿನ ಬೆಳೆಸಿದ ಮೂರು ತಟ್ಟೆಗಳು. ಒಂದೇ ತಟ್ಟೆಯ ದ್ರವವನ್ನು ಯಂತ್ರಕ್ಕೆ ಮೂರು ಸಲ ಕೊಟ್ಟರೆ ಯಂತ್ರದ ಸ್ಥಿರತೆ ತಿಳಿದೀತು, ಕೋಶದ ಸ್ವಭಾವ ತಿಳಿಯದು. ಇವೆಲ್ಲ ಇದ್ದಾಗ ಮಾತ್ರ 2011ರಲ್ಲಿ ಬಂದ 'ಸೇಂಟ್'ನಂಥ ಲೆಕ್ಕಾಚಾರದ ತಂತ್ರಾಂಶಗಳು ಪ್ರತಿ ಜೋಡಿಯೂ ನಿಜವಾಗಿರುವ ಸಂಭವ ಎಷ್ಟು ಎಂದು ಹೇಳಬಲ್ಲವು.

ಬಾಲವನ್ನು ಎರೆಯ ಯಾವ ತುದಿಗೆ ಹೊಲಿಯಬೇಕು ಎಂಬುದೂ ಸಣ್ಣ ವಿಷಯವಲ್ಲ. ಲ್ಯಾಮಿನ್-ಎ ತಯಾರಾಗುವಾಗ ಅದರ ಹಿಂದಿನ ತುದಿ ಕತ್ತರಿಸಿ ಬೀಳುತ್ತದೆ. ಅಲ್ಲಿ ಕಿಣ್ವ ಹೊಲಿದಿದ್ದರೆ ಕಿಣ್ವವೂ ಅದರೊಡನೆ ಬೀಳುತ್ತಿತ್ತು. ಮೈಟೊಕಾಂಡ್ರಿಯಕ್ಕೆ ಹೋಗುವ ಬಹುಪಾಲು ಪ್ರೋಟೀನುಗಳ ವಿಳಾಸ ಮುಂದಿನ ತುದಿಯಲ್ಲಿರುತ್ತದೆ. ಅಲ್ಲಿ ಏನಾದರೂ ಹೊಲಿದರೆ ವಿಳಾಸವೇ ಮುಚ್ಚಿಹೋಗುತ್ತದೆ. ಹಾಗೆಯೇ ಹೊರಗಿನಿಂದ ಜೀನು ಸೇರಿಸಿದಾಗ ಕೋಶ ಎರೆಯನ್ನು ಸಹಜಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಯಾರಿಸುತ್ತದೆ. ಹೆಚ್ಚಾದ ಪ್ರೋಟೀನ್ ತನ್ನದಲ್ಲದ ಜಾಗಕ್ಕೆ ನುಗ್ಗುತ್ತದೆ. ಇದಕ್ಕೆ ಈಗಿನ ಒಳ್ಳೆಯ ಉತ್ತರ ಕ್ರಿಸ್ಪರ್ ಕತ್ತರಿಯಿಂದ ಕೋಶದ ಸ್ವಂತ ಜೀನಿಗೇ ಬಾಲ ಹೊಲಿಯುವುದು. 2022ರಲ್ಲಿ ಪ್ರಕಟವಾದ 'ಓಪನ್‌ಸೆಲ್' ಹೀಗೆ 1,310 ಕೋಶತಳಿಗಳನ್ನು ಕಟ್ಟಿತು. ಶ್ರಮ ಹೆಚ್ಚು, ಗುರುತು ಕಡಿಮೆ, ನಂಬಿಕೆ ಹೆಚ್ಚು.

ಬೆಂಗಳೂರಿನ ಪಾಲು

ಈ ಕಥೆಯಲ್ಲಿ ಬೆಂಗಳೂರಿಗೆ ಪಾಲಿದೆ, ಅದು ನಮ್ಮವರಿಗೇ ಸರಿಯಾಗಿ ಗೊತ್ತಿಲ್ಲ ಎಂಬ ಕೊರಗು ನನಗಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಅಖಿಲೇಶ್ ಪಾಂಡೆ 2002ರಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿನ ಯುವ ಜೀವವಿಜ್ಞಾನಿಗಳು ಪ್ರಪಂಚದ ಸಂಶೋಧನಾ ಪ್ರಬಂಧಗಳನ್ನು ಒಂದೊಂದಾಗಿ ಓದಿ, ಮನುಷ್ಯನ ಪ್ರೋಟೀನುಗಳ ಬಗ್ಗೆ ತಿಳಿದದ್ದನ್ನು 2003ರಲ್ಲಿ 'ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್' ಎಂಬ ಮುಕ್ತ ಭಂಡಾರದಲ್ಲಿ ಇಟ್ಟರು. ಮುಂದಿನ ವರ್ಷಗಳಲ್ಲಿ ಅದರಲ್ಲಿದ್ದ ಜೋಡಿಗಳ ಸಂಖ್ಯೆ 40 ಸಾವಿರದ ಆಸುಪಾಸಿಗೆ ಬೆಳೆಯಿತು. ಸಂಖ್ಯೆಗಿಂತ ನನಗೆ ಹಿಡಿಸಿದ್ದು ದಾಖಲಿಸಿದ ಕ್ರಮ. ಪ್ರತಿ ಜೋಡಿಯ ಎದುರಿಗೂ ಅದನ್ನು ಜೀವಂತ ಕೋಶದಲ್ಲಿ ಕಂಡರೋ, ನಳಿಕೆಯಲ್ಲಿ ಕಂಡರೋ, ಯೀಸ್ಟಿನಲ್ಲಿ ಕಂಡರೋ ಎಂದು ಬರೆದಿರುತ್ತಿತ್ತು. ಓದುವವನು ಎಷ್ಟು ನಂಬಬೇಕೆಂದು ತಾನೇ ನಿರ್ಧರಿಸಲು ಬೇಕಾದ ಮಾಹಿತಿ ಅದು.

ಅದೇ ಸಂಸ್ಥೆ ಮತ್ತು ಜಾನ್ಸ್ ಹಾಪ್ಕಿನ್ಸ್ ಕೂಡಿ 2014ರಲ್ಲಿ 'ನೇಚರ್'ನಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಪ್ರಕಟಿಸಿದವು. 17,294 ಜೀನುಗಳ ಪ್ರೋಟೀನುಗಳು ಅದರಲ್ಲಿ ಕಂಡವು. 2018ರಲ್ಲಿ ಪಾಂಡೆ ಅವರ ಗುಂಪು ಹಾಪ್ಕಿನ್ಸ್‌ನಲ್ಲಿ 'ಬಯೋಸೈಟ್' ಎಂಬ ವಿಧಾನವನ್ನು ತಂದಿತು. ಸಾಮಾನ್ಯವಾಗಿ ಮಣಿಯ ಮೇಲೆಯೇ ಪ್ರೋಟೀನನ್ನು ತುಂಡರಿಸಿದಾಗ ಬಯೋಟಿನ್ ಹೊತ್ತ ತುಂಡು ಮಣಿಗೇ ಅಂಟಿ ಉಳಿದು, ಹೊತ್ತಿಲ್ಲದ ತುಂಡುಗಳಷ್ಟೇ ಯಂತ್ರಕ್ಕೆ ಹೋಗುತ್ತವೆ. ಅಂದರೆ ಗುರುತು ಬಿದ್ದದ್ದು ನಿಜವೇ ಎಂಬುದಕ್ಕೆ ನೇರ ಸಾಕ್ಷಿಯೇ ಇಲ್ಲ. ಬಯೋಸೈಟ್‌ನಲ್ಲಿ ಮೊದಲು ತುಂಡರಿಸಿ, ಆಮೇಲೆ ಬಯೋಟಿನ್ ಹಿಡಿಯುವ ಆಂಟಿಬಾಡಿಯಿಂದ ಗುರುತಿರುವ ತುಂಡುಗಳನ್ನೇ ಎತ್ತುತ್ತಾರೆ. ಯಾವ ಪ್ರೋಟೀನಿನ ಯಾವ ಲೈಸೀನಿನ ಮೇಲೆ ಗುರುತಿದೆ ಎಂದು ಬೆರಳಿಟ್ಟು ತೋರಿಸಬಹುದು. ಇದು ವೇಗ ಹೆಚ್ಚಿಸಿದ ಸುಧಾರಣೆಯಲ್ಲ, ಸಾಕ್ಷಿಯನ್ನು ಗಟ್ಟಿ ಮಾಡಿದ ಸುಧಾರಣೆ.

ನಕ್ಷೆಯ ಹೊರಗೆ ಉಳಿದದ್ದು

2021ರಲ್ಲಿ ಕೆನಡಾದ ಆ್ಯನ್-ಕ್ಲೋಡ್ ಜಿಂಗ್ರಾಸ್ ಅವರ ತಂಡ ಕೋಶದ ಮೂಲೆಮೂಲೆಯಲ್ಲಿರುವ 192 ಎರೆಗಳಿಂದ ಬಯೋ-ಐಡಿ ನಡೆಸಿ 4,145 ಪ್ರೋಟೀನುಗಳ ನೆಲೆಯನ್ನು ಗುರುತಿಸಿತು. ಸೊಗಸಾದ ಕೆಲಸ. ಆದರೆ ಅದೂ ಹೆಕ್ ಕೋಶದ ನಕ್ಷೆಯೇ. ಬಯೋಪ್ಲೆಕ್ಸ್ ತಂಡ ಕರುಳಿನ ಕ್ಯಾನ್ಸರಿನ ಎಚ್‌ಸಿಟಿ-116 ಕೋಶಗಳಲ್ಲಿಯೂ ಪ್ರಯೋಗ ನಡೆಸಿ 70,725 ಜೋಡಿಗಳನ್ನು ಪಡೆದಾಗ, ಎರಡು ಕೋಶಗಳ ನಡುವೆ ಸಂಬಂಧಗಳು ಬಹಳವಾಗಿ ಬದಲಾಗುತ್ತವೆ ಎಂಬುದು ಎದ್ದು ಕಂಡಿತು. ಹಾಗಿರುವಾಗ ಮಿದುಳಿನ ನರಕೋಶದ ಬಗ್ಗೆ ಹೆಕ್ ಕೋಶವನ್ನು ಕೇಳಿ ಬಂದ ಉತ್ತರವನ್ನು ಸುಳಿವೆಂದು ಮಾತ್ರ ಇಟ್ಟುಕೊಳ್ಳಬೇಕು. ಪ್ರೋಟೀನಿನ ಆಕಾರವನ್ನು ಊಹಿಸುವ, ತನ್ನನ್ನು ಕಟ್ಟಿದವರಿಗೆ 2024ರ ನೊಬೆಲ್ ತಂದುಕೊಟ್ಟ ಆಲ್ಫಾಫೋಲ್ಡ್ ತಂತ್ರಾಂಶ ಕೂಡ ಎರಡು ಪ್ರೋಟೀನುಗಳು ಕೂಡಬಲ್ಲವೇ ಎಂದು ಅಂದಾಜು ಮಾಡುತ್ತದೆ. ಆ ಗಂಟೆಯಲ್ಲಿ, ಆ ಕೋಶದಲ್ಲಿ, ಎರಡೂ ಒಂದೇ ಕೋಣೆಯಲ್ಲಿವೆಯೇ ಎಂದು ಅದಕ್ಕೆ ತಿಳಿಯದು.

ಕೊರೊನಾ ನಕ್ಷೆಯ ಮುಂದಿನ ಕಥೆಯನ್ನೂ ಹೇಳಬೇಕು. ಆ 69ರಲ್ಲಿ ಸಿಗ್ಮಾ ಗ್ರಾಹಕಗಳೆಂಬ ಮಾನವ ಪ್ರೋಟೀನುಗಳನ್ನು ಹಿಡಿಯುವ ಔಷಧಗಳು ತಟ್ಟೆಯ ಕೋಶಗಳಲ್ಲಿ ವೈರಸ್ಸನ್ನು ತಡೆದವು. ಎಲ್ಲೆಡೆ ಆಸೆ ಚಿಗುರಿತು. 2021ರಲ್ಲಿ ಅದೇ ವಿಶ್ವವಿದ್ಯಾಲಯದ ಬ್ರಯಾನ್ ಶಾಯ್ಚೆಟ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಅಂಥ ಹಲವು ಔಷಧಗಳು ವೈರಸ್ಸನ್ನು ತಡೆದದ್ದು ಗ್ರಾಹಕದ ಮೂಲಕವಲ್ಲ, ಕೋಶದಲ್ಲಿ ಕೊಬ್ಬಿನ ಬಗೆಯ ಪದಾರ್ಥವನ್ನು ಕೂಡಿಹಾಕಿ ಅದನ್ನು ಅಸ್ವಸ್ಥಗೊಳಿಸುವುದರ ಮೂಲಕ. ರೋಗಿಯಲ್ಲಿ ಆ ಪರಿಣಾಮ ಕೆಲಸಕ್ಕೆ ಬರುವಂಥದ್ದಲ್ಲ. ತಮ್ಮ ಆಸೆಯ ಮೇಲೆಯೇ ನಡೆಸಿದ ಈ ತನಿಖೆ ನಕ್ಷೆಯಷ್ಟೇ ದೊಡ್ಡ ಕೊಡುಗೆ.

ಕಂಟ್ರೋಲುಗಳಿಗೆ ಹಣ ಬೇಕು. ಒಂದು ಎರೆಯ ಪ್ರಯೋಗಕ್ಕೆ ಮೂರು ಮಾದರಿಯಾದರೆ, ಸರಿಯಾದ ಕಂಟ್ರೋಲ್ ಸೇರಿದಾಗ ಅದು ಹನ್ನೆರಡಾಗುತ್ತದೆ. ಯಂತ್ರದ ಸಮಯಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ನಮ್ಮ ಪಿಎಚ್‌ಡಿ ವಿದ್ಯಾರ್ಥಿಗಳು ಮೊದಲು ಕೈಬಿಡುವುದು ಅದನ್ನೇ. ಅವರನ್ನು ದೂರಿ ಫಲವಿಲ್ಲ. ಅನುದಾನ ಕೊಡುವವರು ಕಂಟ್ರೋಲಿನ ಖರ್ಚನ್ನು ಅರ್ಜಿಯಲ್ಲಿ ಬೇರೆ ಸಾಲಾಗಿ ಬರೆಸಿಕೊಂಡು ಮಂಜೂರು ಮಾಡಬೇಕು. ಮಾರ್ಗದರ್ಶಕರು ಪಟ್ಟಿಯ ಉದ್ದ ಕೇಳುವ ಮೊದಲು ಖಾಲಿ ತಟ್ಟೆಯಲ್ಲಿ ಏನು ಬಂತು ಎಂದು ಕೇಳಬೇಕು. ಪ್ರಯೋಗ ಮಾಡಿದವರು ತಮ್ಮ ಕಂಟ್ರೋಲಿನ ಮೂಲ ದತ್ತಾಂಶವನ್ನು ಪ್ರೈಡ್‌ನಂಥ ಮುಕ್ತ ಭಂಡಾರಗಳಿಗೆ ಸೇರಿಸಿದರೆ, ಹಣವಿಲ್ಲದ ಇನ್ನೊಂದು ಊರಿನ ವಿದ್ಯಾರ್ಥಿಗೂ ಅದು ಒದಗುತ್ತದೆ. ಮತ್ತೆ ಓದುಗರಲ್ಲಿ ಒಂದು ಕೋರಿಕೆ: 'ರೋಗಕ್ಕೆ ಕಾರಣವಾದ ಹೊಸ ಪ್ರೋಟೀನ್ ಜೋಡಿ ಪತ್ತೆ' ಎಂಬ ಸುದ್ದಿ ಕಂಡಾಗ, ಯಾವ ಕೋಶದಲ್ಲಿ, ಯಾವುದರ ಜೊತೆ ಹೋಲಿಸಿ ಎಂಬ ಎರಡು ಪ್ರಶ್ನೆಗಳನ್ನು ದಯವಿಟ್ಟು ಕೇಳಿ.